ಒಂಬತ್ತನೇ ಮನೆಯ ಕಿಟಕಿ ದುಡ್ಡು

ಡೆನ್‌ತಾರ್ಪ್, ಯಾರ್ಕ್‌ಷೈರ್
೨೫ ಅಕ್ಟೋಬರ್ ೧೯೯೨, ಭಾನುವಾರ

ಪ್ರೀತಿಯ ಮಗ ಟ್ರೆವರ್,

ಹೇಗಿದ್ದೀಯಪ್ಪಾ? ಜಾನಿಸ್, ಮಕ್ಕಳು ಆರೋಗ್ಯವೇ? ಕೆರಿ ಈಗ ನನ್ನ ಹೆಗಲಿಗೆ ಬರುವಷ್ಟು ಬೆಳೆದಿರಬೇಕು. ಕ್ವೀನ್ಸ್‌ಲ್ಯಾಂಡಿಗೆ ಹೋದ ಮೇಲೆ ಮಾರ್ಟಿನ್‌ನ ಉಬ್ಬಸ ಪೂರ್ತಿ ಬಿಟ್ಟುಹೋಯಿತೆಂದು ನಿನ್ನ ಅಮ್ಮನಿಗೆ ಬರೆದಿದ್ದೆಯಲ್ಲ, ಮತ್ತೆ ಮರುಕಳಿಸಿಲ್ಲ ತಾನೆ? ನಿನ್ನ ಬೆನ್ನುನೋವಿಗೆ ಅಲ್ಲಿಯ ಬಿಸಿಲು ಒಳ್ಳೆಯದೋ ಕೆಟ್ಟದ್ದೋ ನನಗೆ ತಿಳಿಯದು. ಭಾರ ಎತ್ತುವಾಗ ಮೊಣಕಾಲು ಬಗ್ಗಿಸು, ಸೊಂಟ ಬಗ್ಗಿಸಬೇಡ. ನಾನು ಪರವಾಗಿಲ್ಲ. ಬೆಳಿಗ್ಗೆ ಎದ್ದಾಗ ಬೆರಳುಗಳು ಮರಗಟ್ಟಿರುತ್ತವೆ, ಬಿಸಿನೀರಿನ ಬಕೆಟ್ಟಿನಲ್ಲಿ ಅದ್ದಿದ ಮೇಲೆ ಹೇಳಿದ ಮಾತು ಕೇಳುತ್ತವೆ. ಮಹಡಿಯ ಕಿಟಕಿಗಳಿಗೆ ಇನ್ನೂ ಏಣಿ ಹಾಕಿಯೇ ಹತ್ತುತ್ತೇನೆ. ಅರವತ್ತೆಂಟರ ಮೇಲೆ ಏಣಿ ಬೇಡವೆಂದು ಡಾಕ್ಟರು ಹೇಳಿದರು. ಆದರೆ ಅವರ ಮನೆಯ ಕಿಟಕಿಗಳನ್ನು ಒರೆಸುವವನೂ ನಾನೇ ಆದ್ದರಿಂದ ಹೆಚ್ಚು ಒತ್ತಾಯ ಮಾಡಲಿಲ್ಲ.

ನನ್ನ ಅಕ್ಷರ ಕಂಡು ನಿನಗೆ ಆಶ್ಚರ್ಯವಾಗಿರಬೇಕು. ಬರುವ ಜನವರಿಗೆ ನಮ್ಮಿಬ್ಬರ ನಡುವೆ ಮಾತು ನಿಂತು ಎಂಟು ವರ್ಷ. ನೀನು ಅಮ್ಮನಿಗೆ ಬರೆಯುತ್ತಿದ್ದ ಕಾಗದಗಳನ್ನು ಅವಳು ಊಟದ ಮೇಜಿನ ಹತ್ತಿರ ಕೂತು ಗಟ್ಟಿಯಾಗಿ ಓದುತ್ತಿದ್ದಳು, ನಾನು ಪೇಪರು ನೋಡುವವನ ಹಾಗೆ ಕೇಳಿಸಿಕೊಳ್ಳುತ್ತಿದ್ದೆ. ಕೊನೆಗೆ ಪ್ರತಿ ಸಲವೂ ‘ಅಪ್ಪ ಏಣಿ ಹತ್ತುವಾಗ ಜೋಪಾನವಾಗಿರಲಿ’ ಎಂಬ ಒಂದು ಸಾಲು ಇರುತ್ತಿತ್ತು. ಅವಳು ಹೋದ ಮೇಲೆ ಆ ಕಾಗದಗಳನ್ನೆಲ್ಲ ತೆಗೆದು ನಾನೇ ಓದಿದೆ. ಅಂಥ ಸಾಲು ಯಾವುದರಲ್ಲೂ ಇಲ್ಲ. ನಿನ್ನನ್ನು ಆಕ್ಷೇಪಿಸಲು ಇದನ್ನು ಬರೆಯುತ್ತಿಲ್ಲ. ಅವಳು ಎಂಥವಳಾಗಿದ್ದಳು ಎಂದು ಹೇಳಬೇಕೆನಿಸಿತು, ಅಷ್ಟೇ. ನೀನು ಕಳಿಸಿದ ಬಿಳಿ ಸೇವಂತಿಗೆ ಆಗಸ್ಟಿನಲ್ಲಿ ಸರಿಯಾದ ಹೊತ್ತಿಗೆ ಬಂತು. ಅದರ ಚೀಟಿಯಲ್ಲಿ ‘ಅಮ್ಮನಿಗೆ’ ಎಂದಷ್ಟೇ ಇತ್ತು. ಸರಿಯಾಗಿಯೇ ಇತ್ತು, ಹೂವು ಅವಳಿಗೆ ತಾನೆ. ನೀನು ಮಣ್ಣಿಗೆ ಬರಲಿಲ್ಲವೆಂದು ನಾನು ಮನಸ್ಸಿನಲ್ಲಿ ಇಟ್ಟುಕೊಂಡಿಲ್ಲ. ಅಷ್ಟು ದೂರ, ಅಷ್ಟು ಖರ್ಚು.

ಈಗ ಬರೆಯಲು ಕೂತದ್ದಕ್ಕೆ ಕಾರಣ ಹೇಳುತ್ತೇನೆ. ನಿನಗೆ ಗೊತ್ತಲ್ಲ, ನಾನು ಏಣಿಯ ಮೇಲಿನ ಮನುಷ್ಯ. ನಲವತ್ತೊಂದು ವರ್ಷ ಕಿಟಕಿ ಒರೆಸಿ ಈ ಊರಿನ ಎಲ್ಲರ ಮಲಗುವ ಕೋಣೆಯ ಗೋಡೆ ಕಾಗದದ ಬಣ್ಣ ನನಗೆ ಪರಿಚಯ. ಮುಂಬಾಗಿಲು ತಟ್ಟಿ, ಒರೆಸಿದ ಕೂಲಿಗೆ ‘ಕಿಟಕಿ ದುಡ್ಡು’ ಎಂದು ಕೇಳುವುದು ಮಾತ್ರ ನನ್ನಿಂದ ಆಗದ ಕೆಲಸ. ಮದುವೆಗೆ ಮುಂಚೆ ಕೇಳಲಾರದೆ ಎಷ್ಟೋ ಬಿಟ್ಟೆ. ಮದುವೆಯಾದ ಎರಡನೇ ವಾರ ನಿನ್ನ ಅಮ್ಮ ಒಂದು ಕ್ಯಾನ್ವಾಸ್ ಚೀಲ ಹೊಲಿದು ಹೆಗಲಿಗೆ ಹಾಕಿಕೊಂಡು, “ನೀನು ಒರೆಸು, ನಾನು ವಸೂಲಿ ಮಾಡ್ತೀನಿ. ಇಬ್ರೂ ಬಾಯಿ ಮುಚ್ಕೊಂಡು ಕೂತ್ರೆ ಹೊಟ್ಟೆಗೆ ಸೋಪಿನ ನೀರೇ ಗತಿ” ಎಂದಳು. ಅಂದಿನಿಂದ ಶುಕ್ರವಾರ ಊರಿನ ಕಲ್ಲಿದ್ದಲು ಗಣಿಯಲ್ಲಿ ಸಂಬಳವಾದ ಮೇಲೆ ಸಂಜೆ ಐದಕ್ಕೆ ಹೊರಟರೆ ಏಳೂವರೆಗೆ ಬರುತ್ತಿದ್ದಳು. ಚೀಲವನ್ನು ಮೇಜಿನ ಮೇಲೆ ಸುರಿದು, ನಾನು ಎಣಿಸಿ, ಅವಳ ನೀಲಿ ಪುಸ್ತಕದಲ್ಲಿ ಟಿಕ್ಕು ಹಾಕಿದ ಮನೆಗಳ ಜೊತೆ ತಾಳೆ ನೋಡುತ್ತಿದ್ದೆ. ಒಂದು ಪೆನ್ನಿಯೂ ತಪ್ಪುತ್ತಿರಲಿಲ್ಲ. ಅವಳು ಹೋದ ಮೇಲೆ ಒಂಬತ್ತು ವಾರ ಕಿಟಕಿ ಒರೆಸಿದೆನೇ ಹೊರತು ವಸೂಲಿಗೆ ಹೋಗಲಿಲ್ಲ. ಕೆಲವರು ತಾವಾಗಿ ಕವರಿನಲ್ಲಿಟ್ಟು ಬಾಗಿಲ ಸಂದಿಯಿಂದ ಒಳಗೆ ಹಾಕಿದರು. ಉಳಿದವರು ದುಃಖದಲ್ಲಿರುವವನ ಕೈಗೆ ಚಿಲ್ಲರೆ ಹಾಕುವುದು ಹೇಗೆಂದು ಸುಮ್ಮನಿದ್ದರೋ, ಸುಮ್ಮನಿರಲು ಅದೊಂದು ನೆಪವಾಯಿತೋ, ದೇವರೇ ಬಲ್ಲ. ಕೊನೆಗೆ ಗ್ಯಾಸಿನ ಬಿಲ್ಲು ಕಡೆಯ ಎಚ್ಚರಿಕೆಯ ಕೆಂಪು ಅಕ್ಷರದಲ್ಲಿ ಬಂತು. ಮೊನ್ನೆ ಶುಕ್ರವಾರ ಅವಳ ಚೀಲವನ್ನು ಹೆಗಲಿಗೆ ಹಾಕಿಕೊಂಡು ಹೊರಟೆ.

ಮೊದಲ ಬಾಗಿಲಿನ ಎದುರು ಹತ್ತೊಂಬತ್ತರ ಹುಡುಗನ ಹಾಗೆ ಎರಡು ಸಲ ಕೈ ಎತ್ತಿ ಇಳಿಸಿದೆ ಎಂದರೆ ನೀನು ನಗುತ್ತೀಯ. ಔತ್‌ವೇಟ್ ಮುದುಕಿ ನೆನಪಿದ್ದಾಳಲ್ಲ, ಮೂಲೆ ಮನೆಯವಳು? ಬಾಗಿಲು ತೆಗೆದು, “ನೀನಾ ವಿಲ್ಫ್! ಬಾಗಿಲು ಬಡಿಯೋದು ಅಂದ್ರೆ ನಿನ್ನ ಹಿಲ್ಡಾ ಬಡೀಬೇಕಿತ್ತು. ನೀನೇನಯ್ಯಾ, ಬೆಕ್ಕು ಕೆರೆದ ಹಾಗೆ ಕೆರೀತೀಯಾ” ಎಂದಳು. ದುಡ್ಡು ಕೊಟ್ಟು, ಕಣ್ಣೊರೆಸಿಕೊಂಡು, ಮಹಡಿಯ ಕಿಟಕಿಯ ಎಡಮೂಲೆಯಲ್ಲಿ ಕೊಳೆ ಹಾಗೇ ಉಳಿದಿದೆಯೆಂದು ಬೈದು ಕಳಿಸಿದಳು. ಇನ್ನೊಂದು ಮನೆಯಲ್ಲಿ ಟಿವಿಯ ಸದ್ದು ಥಟ್ಟನೆ ನಿಂತಿತು. ಸ್ವಲ್ಪ ಹೊತ್ತಿಗೆ ಬಾಗಿಲಿನ ಅಂಚೆ ಸಂದಿಯಿಂದ ಒಂದು ಪುಟ್ಟ ಬಾಯಿ, “ಅಮ್ಮ ಮನೇಲಿಲ್ಲ ಅಂತ ಹೇಳು ಅಂದ್ರು” ಎಂದಿತು. ನಾನು, “ಸರಿ ಪುಟ್ಟಾ, ಮುಂದಿನ ವಾರ ಬರ್ತೀನಿ ಅಂದ್ರು ಅಂತ ಹೇಳು” ಎಂದು ಬಂದೆ. ನಿನ್ನ ಅಮ್ಮನಾಗಿದ್ದರೆ ಆ ಸಂದಿಯಿಂದಲೇ ದುಡ್ಡು ಹೊರಗೆ ಬರುತ್ತಿತ್ತು. ಗಣಿ ಮುಚ್ಚಿದ ಮೇಲೆ ನಮ್ಮ ಬೀದಿಗಳಲ್ಲಿ ಮೂರಕ್ಕೊಂದು ಮನೆಯ ಕಿಟಕಿಗೆ ಹಲಗೆ ಬಡಿದಿದ್ದಾರೆ. ಅವುಗಳ ಮುಂದೆ ಬರುವಾಗ ಒಂದು ನೆಮ್ಮದಿ, ಇಲ್ಲಿ ತಟ್ಟಬೇಕಾಗಿಲ್ಲವಲ್ಲ ಎಂದು. ಮರುಕ್ಷಣವೇ ಹಾಗೆ ಅಂದುಕೊಂಡದ್ದಕ್ಕೆ ನಾಚಿಕೆ.

ಹೀಗೆ ಅಲ್ಮಾ ಬೀದಿಗೆ ಬಂದೆ. ಒಂಬತ್ತನೇ ಮನೆ. ಇಲ್ಲಿಂದ ಮುಂದೆ ಓದದೆ ಕಾಗದವನ್ನು ಮಡಿಸಿಟ್ಟುಬಿಡಬೇಡ ಟ್ರೆವರ್, ನಿನ್ನ ಅಮ್ಮನ ಮೇಲಿನ ಪ್ರೀತಿಗಾದರೂ ಓದು.

ಮುಷ್ಕರದ ಆ ವರ್ಷವನ್ನು ನಾನು ನಿನಗೆ ನೆನಪಿಸಬೇಕಾಗಿಲ್ಲ. ಹತ್ತು ತಿಂಗಳು ಸಂಬಳವಿಲ್ಲದೆ ನೀವೆಲ್ಲ ಗಣಿಯ ಗೇಟಿನ ಎದುರು ಬೆಂಕಿ ಹಾಕಿಕೊಂಡು ನಿಂತಿದ್ದಿರಿ. ಯಾರ ಹತ್ತಿರವೂ ದುಡ್ಡಿರಲಿಲ್ಲ. ಕೊಟ್ಟಾಗ ಕೊಡಲಿ ಎಂದು ನಾನು ಎಲ್ಲರ ಕಿಟಕಿ ಒರೆಸುತ್ತಲೇ ಇದ್ದೆ. ಜನವರಿಯಲ್ಲಿ ಒಂಬತ್ತನೇ ಮನೆಯ ಎರಿಕ್ ಲಂಬ್ ಮುಷ್ಕರ ಮುರಿದು ಕೆಲಸಕ್ಕೆ ವಾಪಸು ಹೋದ. ಮರುದಿನ ಅವನ ಮನೆಯ ಮುಂದಿನ ಕಿಟಕಿಯ ಉದ್ದಗಲಕ್ಕೂ ಕೆಂಪು ಬಣ್ಣದಲ್ಲಿ ‘ದ್ರೋಹಿ’ ಎಂದು ಬರೆದಿದ್ದರು. “ಹೋಗಿ ಒರೆಸಿ ಬಾ ವಿಲ್ಫ್, ಅದು ಗಾಜು” ಎಂದಳು ನಿನ್ನ ಅಮ್ಮ. ಒರೆಸಿದೆ. ಆರು ಮನೆಯವರು ಇನ್ನು ಬರಬೇಡ ಎಂದರು. ನೀನು ಅದನ್ನೂ ನುಂಗಿಕೊಂಡೆ. ಆದರೆ ಆ ತಿಂಗಳ ಕೊನೆಯಲ್ಲಿ ನೀನು ನಮ್ಮ ಮನೆಗೆ ಬಂದಾಗ ಮೇಜಿನ ಮೇಲೆ ನೀಲಿ ಪುಸ್ತಕ ತೆರೆದಿತ್ತು. ಇಡೀ ಪುಟ ಖಾಲಿ ಚೌಕಗಳು, ಒಂಬತ್ತನೇ ಮನೆಯ ಎದುರಿಗೆ ಮಾತ್ರ ಟಿಕ್ಕು. “ಅವನ ದುಡ್ಡು ಈ ಮನೆಯೊಳಗೆ ಬಂತಾ? ನನ್ನ ಮಕ್ಕಳಿಗೆ ನೀವು ಕೊಟ್ಟು ಕಳಿಸೋ ಬ್ರೆಡ್ಡು ಅದರದ್ದಾ? ಯಾರು ಹೋಗಿ ಈಸ್ಕೊಂಡು ಬಂದದ್ದು?” ಎಂದು ನೀನು ಕೇಳಿದೆ. ನಿನ್ನ ಅಮ್ಮ ಪಾತ್ರೆ ತೊಳೆಯುತ್ತಿದ್ದವಳು ಬೆನ್ನು ತಿರುಗಿಸಿ ನಿಂತೇ ಇದ್ದಳು. ನಾನು, “ನಾನೇ ಹೋಗಿ ಈಸ್ಕೊಂಡೆ” ಎಂದೆ. ಅದು ಸುಳ್ಳು. ವಸೂಲಿಗೆ ನಾನು ಯಾವತ್ತೂ ಹೋದವನಲ್ಲವೆಂದು ನಿನಗೇ ಗೊತ್ತಿತ್ತು, ಆದರೆ ಸಿಟ್ಟಿನಲ್ಲಿ ನೀನು ಯೋಚಿಸಲಿಲ್ಲ, ನಾನೂ ಯೋಚಿಸಲು ಬಿಡಲಿಲ್ಲ. ನೀನು ಅಮ್ಮನನ್ನು ದೂರ ಮಾಡುವುದಕ್ಕಿಂತ ನನ್ನನ್ನು ದೂರ ಮಾಡಿದರೆ ಸುಲಭವೆಂದು ಆ ಕ್ಷಣಕ್ಕೆ ತೋಚಿತು. ನೀನು ಬಾಗಿಲು ಹಾಕಿಕೊಂಡು ಹೋದೆ. ಮರುವರ್ಷ ಆಸ್ಟ್ರೇಲಿಯಾಕ್ಕೆ ಹೋದೆ.

ಇನ್ನೊಂದು ಮಾತು ಒಪ್ಪಿಕೊಳ್ಳುತ್ತೇನೆ. ಆಮೇಲಾದರೂ ಅವಳು ನಿನಗೆ ನಿಜ ಬರೆದು ನನ್ನನ್ನು ಬಿಡಿಸುತ್ತಾಳೆಂದು ನಾನು ಕಾದೆ. ಅವಳು ಬರೆಯಲಿಲ್ಲ. ನಾವಿಬ್ಬರೂ ಆ ವಿಷಯ ಎತ್ತಲೇ ಇಲ್ಲ. ಒಂದೇ ಹಾಸಿಗೆಯಲ್ಲಿ ಮಲಗಿ, ಒಂದೇ ಕೆಟಲಿನ ಟೀ ಕುಡಿದು, ಇಷ್ಟು ವರ್ಷ ನಾನು ಅವಳ ಮೇಲೆ ಒಂದು ಸಣ್ಣ ಮುನಿಸು ಇಟ್ಟುಕೊಂಡೇ ಬದುಕಿದೆ. ಅವಳನ್ನು ಮಣ್ಣು ಮಾಡುವಾಗಲೂ ಅದು ಎದೆಯಲ್ಲಿತ್ತು.

ಮೊನ್ನೆ ಬಾಗಿಲು ತೆರೆದವಳು ಎರಿಕ್‌ನ ಹೆಂಡತಿ ಮ್ಯೂರಿಯಲ್. ಕೂದಲು ಪೂರ್ತಿ ನರೆತಿದೆ, ಐವತ್ತೂ ಆಗಿಲ್ಲ. ನನ್ನ ಹೆಗಲಿನ ಚೀಲದ ಪಟ್ಟಿಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ “ಒಳಗೆ ಬನ್ನಿ ಗಾರ್ಸೈಡ್ ಅವರೇ” ಎಂದಳು. ಬೇಡವೆನ್ನಲು ಬಾಯಿ ತೆರೆಯುವಷ್ಟರಲ್ಲಿ ಅವಳಾಗಲೇ ಒಳಗೆ ಹೋಗಿ ಟೀಗೆ ನೀರಿಟ್ಟಿದ್ದಳು. ಎರಿಕ್ ಬೆಂಕಿಯ ಪಕ್ಕ ಕೂತಿದ್ದ. ನನ್ನನ್ನು ಕಂಡು ಎದ್ದು ಹಿಂದಿನ ಕೋಣೆಗೆ ಹೊರಟ. “ಅವರಿಗೆ ಜನ ಬಂದು ಅಭ್ಯಾಸವಿಲ್ಲ” ಎಂದಳು ಮ್ಯೂರಿಯಲ್. ಬಾಗಿಲ ಹತ್ತಿರ ಅವನು ತಿರುಗಿ, “ಟ್ರೆವರ್ ಹೇಗಿದಾನೆ?” ಎಂದು ಕೇಳಿದ. ಚೆನ್ನಾಗಿದ್ದಾನೆ ಎಂದೆ. ಗಣಿಗೆ ಇಳಿದ ಮೊದಲ ದಿನ ನಿನ್ನ ಟೋಪಿಗೆ ದೀಪ ಕಟ್ಟಿಕೊಟ್ಟವನು ಅವನೇ ಎಂದು ನೀನೇ ಹೇಳಿದ್ದು ನನಗೆ ನೆನಪಿತ್ತು. ಅವನಿಗೂ ನೆನಪಿದೆಯೆಂದು ಕಾಣುತ್ತದೆ.

ನಾನು ಪುಸ್ತಕ ತೆಗೆದು, ಆಗಸ್ಟಿನಿಂದ ಐದು ಸಲದ್ದು, ಏಳೂವರೆ ಪೌಂಡು ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. “ಹಾಗಾದ್ರೆ ಹಿಲ್ಡಾ ನಿಮಗೂ ಹೇಳಿರಲಿಲ್ವಾ? ಅವರು ಈ ಮನೇಲಿ ಒಂದು ಪೆನ್ನಿ ಮುಟ್ಟಿದವರಲ್ಲ.” ನಾನು ಪುಸ್ತಕ ತೋರಿಸಿದೆ, ಹದಿನೈದು ದಿನಕ್ಕೊಂದರಂತೆ ತಪ್ಪದೆ ಟಿಕ್ಕು. ಅವಳು ತಲೆಯಾಡಿಸಿದಳು. ಆಮೇಲೆ ಎಲ್ಲವನ್ನೂ ಹೇಳಿದಳು. ಕಿಟಕಿಗೆ ಬಣ್ಣ ಬಳಿದ ಮೂರನೇ ದಿನ ಅವಳಿಗೆ ಆರು ತಿಂಗಳ ಬಸಿರು ಇಳಿದುಹೋಯಿತಂತೆ. ಹೆಣ್ಣು ಮಗು. ಎರಿಕ್‌ನನ್ನು ಪೊಲೀಸರ ಕಾವಲಿನ ಬಸ್ಸಿನಲ್ಲಿ ಕೆಲಸಕ್ಕೆ ಕರೆದೊಯ್ದಿದ್ದರು. ಇಡೀ ಬೀದಿಯಲ್ಲಿ ಒಂದು ಬಾಗಿಲೂ ತೆರೆಯಲಿಲ್ಲ. ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದು ನಾಲ್ಕು ದಿನ ಕತ್ತಲು ಮಾಡಿಕೊಂಡು ಮಲಗಿದ್ದಾಗ ಶುಕ್ರವಾರ ಸಂಜೆ ಯಾರೋ ಬಾಗಿಲು ಬಡಿದರು. ಕಲ್ಲು ಹೊಡೆಯಲು ಬಂದರೆಂದು ಅವಳು ಎದ್ದೇಳಲಿಲ್ಲ. ಆಗ ಹೊರಗಿನಿಂದ, “ಕಿಟಕಿಯವಳು ಕಣಮ್ಮಾ, ತೆಗಿ” ಎಂಬ ದನಿ. ಒಳಗೆ ಬಂದ ನಿನ್ನ ಅಮ್ಮ ಅವಳ ಮುಖ ನೋಡಿ ದುಡ್ಡಿನ ಮಾತೇ ಎತ್ತಲಿಲ್ಲ. ಚೀಲ ಇಳಿಸಿ, ಬೆಂಕಿ ಹೊತ್ತಿಸಿ, ನೀರು ಕಾಯಿಸಿ, ಅವಳ ತಲೆ ತೊಳೆದು ಬಾಚಿದಳಂತೆ. ಆ ಚಳಿಗಾಲ ಪೂರ್ತಿ ಪ್ರತಿ ಶುಕ್ರವಾರ ಬಂದಳು. ಆಮೇಲೂ ನಿಲ್ಲಿಸಲಿಲ್ಲ. ದುಡ್ಡು ಕೊಡಲು ಹೋದಾಗಲೆಲ್ಲ, “ಇಟ್ಕೋ, ಆಮೇಲೆ ನೋಡೋಣ” ಎನ್ನುವುದು.

ಚೀಲಕ್ಕೆ ದುಡ್ಡು ಎಲ್ಲಿಂದ ಬರುತ್ತಿತ್ತು ಎಂದು ಕೇಳಿದೆ, ಅವಳಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಾಯಿತು. ಶನಿವಾರ ಡಾಕ್ಟರ ಶಾಪಿನ ನೆಲ ಒರೆಸಿ ತರುತ್ತಿದ್ದ ಅವಳ ಸ್ವಂತ ಕಾಸು ಅದು. ಆ ಚಳಿಗಾಲ ತನಗೆ ಮಾಂಸ ಸೇರುವುದಿಲ್ಲವೆಂದು ತನ್ನ ತಟ್ಟೆಯದ್ದನ್ನೂ ನನಗೇ ಬಡಿಸುತ್ತಿದ್ದಳು. ಅವಳಿಗೆ ವಯಸ್ಸಾಯಿತು, ನಾಲಗೆ ಕೆಟ್ಟಿದೆ ಎಂದುಕೊಂಡು ನಾನು ತಿನ್ನುತ್ತಿದ್ದೆ. ಮ್ಯೂರಿಯಲ್‌ಳ ಅಡುಗೆಮನೆಯಲ್ಲಿ ಅದು ನೆನಪಾಗಿ ಟೀ ಲೋಟವನ್ನು ಕೆಳಗಿಟ್ಟೆ.

ಹಿಲ್ಡಾ ಇದನ್ನು ನಮಗೆ ಯಾಕೆ ಹೇಳಲಿಲ್ಲ ಎಂದೆ. ಮ್ಯೂರಿಯಲ್ ಹೇಳಿದಳು, “ಮಗುವಿನ ವಿಷಯ ಯಾರಿಗೂ ಹೇಳಬೇಡಿ ಅಂತ ನಾನೇ ಮಾತು ತಗೊಂಡಿದ್ದೆ. ಕೆಲಸಕ್ಕೆ ಹೋಗಿದ್ದಕ್ಕೆ ದೇವರು ತೋರಿಸಿದ ಅಂತ ಆಡ್ಕೋತಾರೆ ಅನ್ನೋ ಭಯ ನನಗೆ. ನಿಮ್ಮ ಮಗ ನಿಮ್ಮ ಜೊತೆ ಮಾತು ಬಿಟ್ಟ ಮೇಲೆ, ಹೇಳಿಬಿಡಿ ಹಿಲ್ಡಾ, ನನಗೆ ಕೊಟ್ಟ ಮಾತಿಗೆ ಬೆಂಕಿ ಹಾಕಿ ಅಂತ ನಾನೇ ಅಂದೆ. ಅವರು ಏನಂದ್ರು ಗೊತ್ತಾ? ‘ದುಡ್ಡು ತಗೊಂಡ್ವಿ ಅಂದ್ರೆ ಹೊಟ್ಟೆಪಾಡು ಅಂತ ಯಾವತ್ತಾದ್ರೂ ಒಂದಿನ ಕ್ಷಮಿಸ್ತಾನೆ. ನಿನ್ನ ಜೊತೆ ಕೂತು ಟೀ ಕುಡಿದೆ ಅಂದ್ರೆ ಆ ಹುಡುಗ ಜನ್ಮದಲ್ಲಿ ಕ್ಷಮಿಸಲ್ಲ. ಅದೂ ಅಲ್ದೆ ವಿಲ್ಫ್ ತನ್ನ ತಲೆ ಮೇಲೆ ಹಾಕ್ಕೊಂಡುಬಿಟ್ಟ. ಈಗ ನಾನು ಬಾಯಿಬಿಟ್ರೆ ಮಗನ ಮುಂದೆ ಅವನನ್ನ ಸುಳ್ಳುಗಾರ ಮಾಡಿದ ಹಾಗಾಗುತ್ತೆ.’ ಅಷ್ಟು ಹೇಳಿ ಆವತ್ತು ಈ ಕುರ್ಚಿಯಲ್ಲಿ ಕೂತು ತುಂಬಾ ಅತ್ತರು.”

ನೋಡು ಟ್ರೆವರ್, ನಾನು ಅವಳನ್ನು ಕಾಪಾಡಲು ಸುಳ್ಳು ಹೇಳಿದೆ, ಅವಳು ಆ ಸುಳ್ಳನ್ನು ಕಾಪಾಡಲು ಸುಮ್ಮನಾದಳು. ನಡುವೆ ನೀನು ಹೋದೆ. ನನ್ನ ಎದುರಿಗೆ ಅವಳು ಅತ್ತದ್ದನ್ನು ನಾನು ಕಂಡದ್ದು ಒಂದೇ ಸಲ, ನಿನಗಿಂತ ಮೊದಲು ಹುಟ್ಟಿ ಎರಡೇ ದಿನ ಬದುಕಿದ್ದ ನಿನ್ನಕ್ಕ ಹೋದಾಗ. ನಿನಗೆ ಅದನ್ನು ಹೇಳಿದ್ದೆವೋ ಇಲ್ಲವೋ, ನನಗೀಗ ನೆನಪಿಲ್ಲ. ಆಗ ನಾನು ಏನು ಹೇಳಬೇಕೆಂದು ತೋಚದೆ ಏಣಿ ತೆಗೆದುಕೊಂಡು ಕೆಲಸಕ್ಕೆ ಹೋಗಿಬಿಟ್ಟಿದ್ದೆ. ಅವಳ ತಲೆ ಬಾಚಿದವರು ಯಾರು ಎಂದು ಮೊನ್ನೆಯಿಂದ ಯೋಚಿಸುತ್ತಿದ್ದೇನೆ. ಯಾರೂ ಇರಲಿಲ್ಲ.

ಹೊರಡುವಾಗ ಮ್ಯೂರಿಯಲ್ ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿಯೊಂದನ್ನು ತಂದು ಮೇಜಿನ ಮೇಲಿಟ್ಟಳು. ಹಿಲ್ಡಾ ಬೇಡವೆಂದಾಗಲೆಲ್ಲ ಎತ್ತಿಟ್ಟ ಕಿಟಕಿ ದುಡ್ಡು, ಇನ್ನೂರ ನಲವತ್ತಾರೂವರೆ ಪೌಂಡು. ಎರಿಕ್ ಕೆಲಸ ಕಳೆದುಕೊಂಡ ಮೇಲೂ ಅದನ್ನು ಮುಟ್ಟಿಲ್ಲವಂತೆ. ನನಗೆ ಬೇಡವೆಂದೆ. ನಾನು ಒರೆಸಿದ ಕಿಟಕಿಗಳದೇ ದುಡ್ಡು, ಆದರೂ ಕೈ ಮುಂದೆ ಹೋಗಲಿಲ್ಲ. ಅವಳು, “ಈಸ್ಕೊಳ್ಳಿ ಗಾರ್ಸೈಡ್ ಅವರೇ. ಎಂಟು ವರ್ಷದಿಂದ ಈ ಊರಲ್ಲಿ ಯಾರೂ ನಮ್ಮ ಕೈಯಿಂದ ಏನನ್ನೂ ಈಸ್ಕೊಂಡಿಲ್ಲ” ಎಂದಳು. ನಾನು ಡಬ್ಬಿಯನ್ನು ಅಲ್ಲೇ ಬಿಟ್ಟು ಎದ್ದು ಬಂದೆ. ಉಳಿದ ಮನೆಗಳಿಗೆ ಹೋಗಲಿಲ್ಲ.

ಎರಿಕ್ ಮಾಡಿದ್ದು ಸರಿಯೆಂದು ನಾನು ಹೇಳುತ್ತಿಲ್ಲ. ನೀವೆಲ್ಲ ಒಂದು ವರ್ಷ ಹಸಿದಿರಿ, ಅವನು ನಿಮ್ಮ ನಡುವಿನಿಂದ ಎದ್ದುಹೋದ. ನಿನ್ನ ಅಮ್ಮನೂ ಅದನ್ನು ಸರಿಯೆನ್ನುತ್ತಿರಲಿಲ್ಲ, ಗಣಿ ಕಾರ್ಮಿಕರ ಅಡುಗೆಮನೆಯಲ್ಲಿ ದಿನಾ ಆಲೂಗೆಡ್ಡೆ ಸುಲಿದವಳು ಅವಳು. ಅವಳು ಹೋದದ್ದು ಮ್ಯೂರಿಯಲ್‌ಳ ಹತ್ತಿರ. ನಿನಗೆ ಇದು ಒಪ್ಪಿಗೆಯಾಗುತ್ತದೋ ಇಲ್ಲವೋ, ನನ್ನ ಮೇಲಿನ ಸಿಟ್ಟು ಅವಳ ಮೇಲೆ ತಿರುಗುತ್ತದೋ, ಎಲ್ಲ ಯೋಚಿಸಿ ಎರಡು ದಿನ ಪೆನ್ನು ಹಿಡಿಯಲಿಲ್ಲ. ಆದರೆ ನಿನಗೆ ತಿಳಿಯದೆ ನಾನೂ ಹೋಗಿಬಿಟ್ಟರೆ ಅವಳು ಮಾಡಿದ್ದನ್ನು ಬಲ್ಲವರು ಆ ಮನೆಯ ಇಬ್ಬರೇ ಉಳಿಯುತ್ತಾರೆ.

ಜಾನಿಸ್‌ಗೆ ನನ್ನ ಪ್ರೀತಿ ತಿಳಿಸು. ಕೆರಿಗೆ, ಮಾರ್ಟಿನ್‌ಗೆ ಅಜ್ಜನ ಮುತ್ತು. ಅವರಿಗೆ ನನ್ನ ಮುಖ ನೆನಪಿರಲಿಕ್ಕಿಲ್ಲ, ಏಣಿಯ ಮೇಲೆ ನಿಂತು ಗಾಜಿಗೆ ಮೂಗು ಒತ್ತಿ ನಗಿಸುತ್ತಿದ್ದ ಮುದುಕ ಎಂದು ಹೇಳಿದರೆ ಹೊಳೆದರೂ ಹೊಳೆಯಬಹುದು. ನಿನ್ನ ಮೈ ನೋಡಿಕೋ. ನೀವೆಲ್ಲರೂ ತಣ್ಣಗಿರಿ ಮಗನೇ, ಇದ್ದಲ್ಲೇ ಸುಖವಾಗಿರಿ.

ನಿನ್ನ ಅಪ್ಪ,
ವಿಲ್ಫ್ ಗಾರ್ಸೈಡ್

ಸೋಮವಾರ ಬೆಳಿಗ್ಗೆ, ಅವಸರದಲ್ಲಿ: ಒಂದು ಮಾತು ಬರೆಯಲು ನಿನ್ನೆ ಧೈರ್ಯವಾಗಲಿಲ್ಲ. ಶನಿವಾರ ಮತ್ತೆ ಒಂಬತ್ತನೇ ಮನೆಗೆ ಹೋಗಿ ಆ ಡಬ್ಬಿಯನ್ನು ಈಸಿಕೊಂಡೆ. ಮ್ಯೂರಿಯಲ್ ಬಾಗಿಲವರೆಗೂ ಬಂದು ಕಳಿಸಿಕೊಟ್ಟಳು. ಅಮ್ಮನ ಸಮಾಧಿಯ ಕಲ್ಲಿಗೆ ಆ ದುಡ್ಡು ಕೊಟ್ಟಿದ್ದೇನೆ. ಕೆತ್ತುವವನು ಅಕ್ಷರಕ್ಕಿಷ್ಟು ಎಂದು ಹಿಡಿಯುತ್ತಾನೆ. ಅವಳ ಹೆಸರು, ನನ್ನ ಹೆಂಡತಿ ಎಂಬುದು, ಎರಡು ತಾರೀಖು, ಅಷ್ಟು ಆಯಿತು. ಅದರ ಕೆಳಗೆ ‘ಟ್ರೆವರ್‌ನ ತಾಯಿ’ ಎಂಬ ಒಂದು ಸಾಲಿಗೆ ಜಾಗ ಬಿಡಿಸಿ ಅದಕ್ಕೂ ದುಡ್ಡು ಕಟ್ಟಿ ಬಂದಿದ್ದೇನೆ. ಆ ಮನೆಯ ದುಡ್ಡಿನಲ್ಲಿ ನಿನ್ನ ಹೆಸರು ಬೇಡವೆಂದಾದರೆ ನವೆಂಬರ್ ಇಪ್ಪತ್ತರೊಳಗೆ ನನಗೆ ಮುಟ್ಟುವ ಹಾಗೆ ಬರೆ. ನಿನ್ನಿಂದ ಏನೂ ಬರದಿದ್ದರೆ ಕೆತ್ತಲು ಹೇಳಿಬಿಡುತ್ತೇನೆ.